ನಾನು ಸ್ಟೇಷನ್ನಿಗೆ ಹೋಗಲಿಲ್ಲ

ಆಗ ನನಗೆ ಐವತ್ತೆರಡು. ಹದಿನಾಲ್ಕು ವರ್ಷದ ಹಿಂದಿನ ಮಾತು. ಗಂಡ ಸೌದೆಯಲ್ಲಿ ಹೊಡೆದು ನನ್ನ ಬಲಗೈ ಊದಿತ್ತು. ತ್ಯಾವಣಿಗೆ ಕಡೆಯ ನಮ್ಮ ಊರಲ್ಲಿ ಹನ್ನೊಂದು ಹೆಂಗಸರು ಗುಂಪಾಗಿ ಭತ್ತದ ನಾಟಿಗೆ ಹೋಗುತ್ತಿದ್ದೆವು. ಅವತ್ತು ನನ್ನ ಊದಿದ ಕೈಯನ್ನೂ ಸಾಲು ಹಿಂದೆ ಬಿದ್ದದ್ದನ್ನೂ ನೋಡಿ, ಗುಂಪಿನ ಹಿರಿಯ ಮುದುಕಿ ಗದರಿದಳು.

“ಸ್ಟೇಷನ್ನಿಗೆ ಹೋಗಾಕೆ ಏನೇ ಧಾಡಿ ನಿನಗೆ?”

“ಹೋದ್ರೆ ಪೊಲೀಸರು ನನ್ನ ಗಂಡಗೆ ಬೈದಾರು, ಬರಕೊಂಡಾರು. ಆಮೇಲೆ ಊರಿಗೆ ಬರಾಕೆ ಇರೋದು ಒಂದೇ ಬಸ್ಸು. ಅವನ ಜೊತೆಗೇ ಬಂದು, ಅದೇ ಮನೆಯಾಗೆ ಬಾಗಿಲು ಹಾಕ್ಕೊಂಡು ಮಲಗಬೇಕಲ್ಲ?”

ಸಂಜೆ ಕಾಲಿನ ಕೆಸರೂ ತೊಳೆಯದೆ ಹತ್ತೂ ಜನ ಬಂದು ನಮ್ಮ ಜಗಲಿಯ ಮೇಲೆ ಕುಳಿತರು. ನಮ್ಮ ಎರಡೆಕರೆಗೆ ಸಸಿ ಬೆಳೆದು ನಿಂತಿತ್ತು. ಇನ್ನೊಂದು ವಾರ ತಡವಾದರೆ ಬಲಿತು ಕೆಡುತ್ತಿತ್ತು.

“ಯಜಮಾನ್ರೇ, ಇವಳಿಗೆ ಇನ್ನೊಂದು ಏಟು ಬಿದ್ರೆ ನಿಮ್ಮ ಗದ್ದೆಗೆ ಒಬ್ಬಳೂ ಇಳಿಯಂಗಿಲ್ಲ. ನೀವೇ ಸೀರೆ ಉಟ್ಕೊಂಡು ನೆಟ್ಕೊಳ್ರಿ,” ಎಂದಳು ಮುದುಕಿ.

ಗಂಡ ನೆಲ ನೋಡುತ್ತಾ, “ಆತು ಬಿಡ್ರಿ,” ಎಂದ. ಅವನಿಗೆ ನನ್ನ ಮೇಲೆ ಪ್ರೀತಿಯೇನೂ ಉಕ್ಕಲಿಲ್ಲ, ಸಸಿಯ ಚಿಂತೆ ಹತ್ತಿತು ಅಷ್ಟೆ. ಆದರೂ ಸಾಯುವವರೆಗೆ ಮತ್ತೆ ಕೈ ಎತ್ತಲಿಲ್ಲ. ಇಂಥ ಗುಂಪು ಎಲ್ಲ ಹೆಂಗಸರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿತು. ಅವರನ್ನು ನೆನೆಯದೆ ನಾನು ಒಂದು ತುತ್ತೂ ಉಂಡಿಲ್ಲ.

ಆ ಸಂಜೆಯ ಮರುದಿನ ಬೆಳಿಗ್ಗೆ ಹತ್ತೂ ಮನೆಯ ಬಾಗಿಲಿಗೆ ಹೋಗಿ, ನಮ್ಮ ಗದ್ದೆಯ ನಾಟಿಗೆ ಬನ್ನಿ ಎಂದು ನಾನೇ ಕರೆದೆ.