ಕಾಲರ್ ತಿರುಗಿಸುವವಳು

ಬೆಳಕು ಹರಿಯುವ ಮೊದಲೇ ಆಕೆ ನೀರು ತುಂಬಿಸುತ್ತಿದ್ದಳು, ಒಲೆ ಹಚ್ಚುತ್ತಿದ್ದಳು, ಮಕ್ಕಳಿಬ್ಬರ ಡಬ್ಬಿಗೆ ಊಟ ತುಂಬುತ್ತಿದ್ದಳು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು, ನೆನೆಹಾಕಿದ ಹೊದಿಕೆಗಳನ್ನು ಒಗೆದು ಹಿಂಡಿ ಹರವುತ್ತಿದ್ದಳು. ಇದರಲ್ಲಿ ಅರ್ಧ ಕೆಲಸ ಹೊಸದು. ಮೊದಲೆಲ್ಲ ಹೊದಿಕೆಗಳು ಲಾಂಡ್ರಿಗೆ ಹೋಗುತ್ತಿದ್ದವು, ಮಕ್ಕಳು ಕ್ಯಾಂಟೀನಿನಲ್ಲಿ ಉಣ್ಣುತ್ತಿದ್ದರು. ಊರಿನ ವ್ಯಾಪಾರವೆಲ್ಲ ನೆಲಕಚ್ಚಿದ ಮೇಲೆ ಗಂಡ, "ಇನ್ಮೇಲೆ ಕೈ ಹಿಡಿದು ಖರ್ಚು ಮಾಡೋಣ" ಎಂದ. ಯಾರ ಕೈ ಎಂದು ಅವನು ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಮನೆಗೆಲಸವೆಲ್ಲ ಮುಗಿದ ಮೇಲೆ ಕಿಟಕಿ ಪಕ್ಕದ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು. ಅಂಗಿಯ ಸವೆದ ಕಾಲರನ್ನು ಬಿಚ್ಚಿ, ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ ಹೊಲಿದರೆ ಅಂಗಿಗೆ ಇನ್ನೆರಡು ವರ್ಷ ಆಯಸ್ಸು. ಬೀದಿಯವರೆಲ್ಲ ಅವಳನ್ನು ಕಾಲರಕ್ಕ ಎಂದೇ ಕರೆಯುತ್ತಿದ್ದರು. ಆರ್ಥಿಕ ಹಿಂಜರಿತದ ಸುದ್ದಿ ಪತ್ರಿಕೆಯವರಿಗೆ ಸಿಗುವ ಮೊದಲೇ ಅವಳಿಗೆ ಸಿಕ್ಕಿತ್ತು. ಮೊದಲು ಮೇಷ್ಟ್ರ ಅಂಗಿ ಬಂತು, ಅದರಲ್ಲೇನೂ ವಿಶೇಷವಿರಲಿಲ್ಲ. ಆಮೇಲೆ ಬ್ಯಾಂಕಿನವರದು. ಡಾಕ್ಟರ ಮನೆಯ ಅಂಗಿ ಬಂದ ದಿನ ಅತ್ತೆಗೆ, "ಸಕ್ಕರೆ ಸ್ವಲ್ಪ ಹಿಡಿದು ಹಾಕಬೇಕು" ಎಂದಳು.

ಗಂಡ ಸಿದ್ಧ ಅಂಗಿಗಳ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನು. ಕಾರ್ಖಾನೆ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಒಂದು ದಿನ ಅವನು ಚಹಾ ಹೀರುತ್ತ, ಅವಳ ಪಕ್ಕದ ಅಂಗಿಗಳ ಗುಡ್ಡೆಯನ್ನೇ ನೋಡುತ್ತ ಕೂತಿದ್ದವನು ಥಟ್ಟನೆ ಎದ್ದು ನಿಂತ.

"ಲೇ, ನಮ್ಮ ಫ್ಯಾಕ್ಟರಿಗೆ ಬೀಗ ಹಾಕಿಸಿದ್ದು ನೀನೇ ಕಣೇ!"

"ಹೌದಾ? ಬೀಗದ ಕೈ ಸಕ್ಕರೆ ಡಬ್ಬಿಯಲ್ಲಿರಬೇಕು, ನೋಡಿ."

"ತಮಾಷೆ ಸಾಕು. ನೀನೊಂದು ಕಾಲರ್ ತಿರುಗಿಸಿದ್ರೆ ನಮ್ಮದೊಂದು ಅಂಗಿ ಅಂಗಡಿಯಲ್ಲೇ ಕೊಳೆಯುತ್ತೆ. ಅಂಗಿ ಹೋಗದಿದ್ರೆ ಫ್ಯಾಕ್ಟರಿ ಯಾಕೆ ತೆಗೀತಾರೆ?"

"ಫ್ಯಾಕ್ಟರಿ ಮುಚ್ಚಿದ್ದಕ್ಕೇ ಅಲ್ವಾ ನಿಮ್ಮ ಜೊತೆಯವರೆಲ್ಲ ಹಳೇ ಅಂಗಿ ಹೊತ್ಕೊಂಡು ಬರೋದು? ಕೋಳಿ ಮೊದಲೋ, ಮೊಟ್ಟೆ ಮೊದಲೋ?"

ಒಳಗಿನಿಂದ ಅತ್ತೆಯ ದನಿ ಕೇಳಿತು: "ಯಾವುದು ಮೊದಲಾದ್ರೂ ಬೇಯಿಸೋಳು ಅವಳೇ. ಸುಮ್ನಿರೋ."

ಆ ಶನಿವಾರ ಕಾರ್ಖಾನೆಯ ಮ್ಯಾನೇಜರು ಕೆಲಸಗಾರರನ್ನೆಲ್ಲ ಕರೆಸಿದರು. ಗಂಡ ನೆಲಕ್ಕೆ ಕಾಲು ತಾಗಿಸದೆ ಮನೆಗೆ ಬಂದ.

"ಸೋಮವಾರ ಒಂದು ವಿಭಾಗ ತೆಗೀತಾರಂತೆ! ಜನಕ್ಕೆ ಧೈರ್ಯ ಬಂದಿದೆಯಂತೆ, ಕೊಳ್ಳೋಕೆ ಶುರು ಮಾಡಿದ್ದಾರಂತೆ. ಮ್ಯಾನೇಜರೇ ಹೊಸ ಅಂಗಿ ಹಾಕ್ಕೊಂಡು ಬಂದಿದ್ರು, ಗೊತ್ತಾ? ಇನ್ನು ನೀನು ಈ ಕೆಲಸ ನಿಲ್ಲಿಸಿಬಿಡು. ನನ್ನ ಹೆಂಡ್ತೀನೇ ಹಳೇ ಅಂಗಿಗೆ ಜೀವ ತುಂಬ್ತಾಳೆ ಅಂತ ಅವರ ಕಿವಿಗೆ ಬಿದ್ರೆ ನಾನು ಮುಖ ಎಲ್ಲಿಡ್ಲಿ?"

"ನಾಳೆ ರಾತ್ರಿ ಊಟದ ಹೊತ್ತಿಗೆ ಹೇಳ್ತೀನಿ" ಎಂದಳು.

ಅಡುಗೆಮನೆಯಲ್ಲಿ ಕೂತರೆ ಯಾರಾದರೂ ನೀರು ಕೇಳುತ್ತಿದ್ದರು. ಮಂಚದ ಮೇಲೆ ಕೂತರೆ ಮೈ ಹುಷಾರಿಲ್ಲವೇ ಎನ್ನುತ್ತಿದ್ದರು. ಯಂತ್ರದ ಮುಂದೆ ಕೂತಾಗ ಮಾತ್ರ ಯಾರೂ ಏಳು ಎನ್ನುತ್ತಿರಲಿಲ್ಲ. ಅದನ್ನು ಬಿಟ್ಟುಕೊಡುವುದು ಹೇಗೆ?

ಭಾನುವಾರ ಮಧ್ಯಾಹ್ನ ಗಂಡ, ಮಕ್ಕಳು ಹೊರಗೆ ಹೋಗಿದ್ದರು. ಅತ್ತೆ ಮಲಗಿದ್ದರು. ಹಿತ್ತಲ ಬಾಗಿಲಲ್ಲಿ ಸಣ್ಣಗೆ ಸದ್ದಾಯಿತು. ತೆರೆದರೆ ಮ್ಯಾನೇಜರ ಹೆಂಡತಿ! ಕೈಯಲ್ಲಿ ತರಕಾರಿ ಚೀಲ. ತರಕಾರಿಯ ಕೆಳಗೆ ನಾಲ್ಕು ಅಂಗಿ.

"ಅಕ್ಕಾ, ಯಾರಿಗೂ ಹೇಳ್ಬೇಡಿ. ಯಜಮಾನರ ಮರ್ಯಾದೆ ಪ್ರಶ್ನೆ."

"ನಿನ್ನೆ ಹೊಸ ಅಂಗಿ ಹಾಕಿದ್ರಂತಲ್ಲಮ್ಮ?"

"ಅದು ಫ್ಯಾಕ್ಟರಿಯ ಸ್ಯಾಂಪಲ್ಲು. ಮೀಟಿಂಗ್ ಮುಗಿದ ಮೇಲೆ ಮಡಚಿ ಡಬ್ಬಕ್ಕೆ ವಾಪಸ್ ಇಟ್ರು."

"ಮತ್ತೆ, ಸೋಮವಾರ ತೆಗೆಯೋದು?"

"ಅದು ನಿಜಾನೇ. ಜನ ನಂಬಿದ್ರೆ ನಡೆಯುತ್ತೆ, ನಂಬದಿದ್ರೆ ವಾರದಲ್ಲೇ ಮತ್ತೆ ಮುಚ್ಚುತ್ತೆ ಅಂತಾರೆ" ಎಂದು ಆಕೆ ಟೊಮೆಟೊಗಳನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಹೋದಳು.

ಕಾಲರಕ್ಕ ನಾಲ್ಕೂ ಅಂಗಿಗಳನ್ನು ಮಂಚದ ಮೇಲೆ ಹರಡಿದಳು. ನಾಲ್ಕರ ಕಾಲರೂ ಸವೆದು ಎಳೆಎಳೆಯಾಗಿತ್ತು. ಹೀಗೇ ಬಿಟ್ಟರೆ ಸಾಕು. ಗಂಡ ಬಂದು ಇವು ಯಾರವೆಂದು ಕೇಳಿದರೆ ವಾದ ಅಲ್ಲಿಗೇ ಮುಗಿಯುತ್ತದೆ. ಅವನ ಮುಖ ಹೇಗಾದೀತೆಂದು ನೆನೆದು ಒಬ್ಬಳೇ ನಕ್ಕಳು.

ಆದರೆ ಗಂಡನ ಬಾಯಿ ಎಂದರೆ ಊರ ನಲ್ಲಿ. ಕತ್ತಲಾಗುವುದರೊಳಗೆ ಇಡೀ ಬೀದಿಗೆ ತಿಳಿಯುತ್ತದೆ. ಅಂಗಿ ಮಾಡಿಸುವವನೇ ಅಂಗಿ ಕೊಳ್ಳುತ್ತಿಲ್ಲ ಎಂದಮೇಲೆ ಇನ್ಯಾರು ಕೊಂಡಾರು? ಕಳೆದ ಸಲವೂ ಶುರುವಾದದ್ದು ಹೀಗೇ. ಎಲ್ಲೋ ಒಬ್ಬ ಹೆದರಿದ, ಅವನನ್ನು ನೋಡಿ ಪಕ್ಕದವನು ಹೆದರಿದ, ಹೆದರಿಕೆ ಬೀದಿ ಸುತ್ತಿ ಬರುವಷ್ಟರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತ್ತು.

ಅಂಗಿಗಳನ್ನು ಒಂದೊಂದಾಗಿ ಮಡಚಿದಳು. ಮೇಷ್ಟ್ರದು, ಬ್ಯಾಂಕಿನವರದು, ಡಾಕ್ಟರದು ಎಲ್ಲದರ ನಡುವೆ ಸೇರಿಸಿದಳು. ಗುಡ್ಡೆಯೊಳಗೆ ಸೇರಿದ ಮೇಲೆ ಯಾವುದು ಯಾರದೆಂದು ಅವಳಿಗಲ್ಲದೆ ಬೇರೆಯವರಿಗೆ ತಿಳಿಯುವಂತಿರಲಿಲ್ಲ.

ಊಟದ ಹೊತ್ತಿಗೆ ಗಂಡ ಕೇಳುತ್ತಾನೆ. ನಿಲ್ಲಿಸುವುದಿಲ್ಲ ಎನ್ನಬೇಕು. ಯಾಕೆ ಎನ್ನುತ್ತಾನೆ. ಗೆಲ್ಲುವ ಕಾರಣ ಕೈಯಲ್ಲಿದೆ, ಅದನ್ನು ಹೇಳುವ ಹಾಗಿಲ್ಲ. ಹಾಗಾದರೆ, ನನಗೆ ಬೇಕು ಅಷ್ಟೇ ಎನ್ನಬೇಕು. ಮದುವೆಯಾದ ಇಷ್ಟು ವರ್ಷಗಳಲ್ಲಿ ಆ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಗಟ್ಟಿಯಾಗಿ ಒಂದು ಸಲ ಹೇಳಿ ನೋಡಿದಳು. ಪರವಾಗಿಲ್ಲ, ಬರುತ್ತಿತ್ತು. ಮ್ಯಾನೇಜರ ಮೊದಲ ಅಂಗಿಯನ್ನು ಎಳೆದುಕೊಂಡು ಕಾಲರಿನ ಹೊಲಿಗೆಗೆ ಬ್ಲೇಡು ತಾಗಿಸಿದಳು.