ಹೂವಿದ್ದ ಗ್ರಾಮಫೋನ್

ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ, ಹಿಂಡಿ ಎಸೆದ ಹುಣಸೆಯ ನಡುವೆ, ಉಗುರಿನ ಚೂರಿನಷ್ಟು ಸಣ್ಣ ಬಣ್ಣದ ಹಕ್ಕಳೆಗಳು ಬಿದ್ದಿದ್ದವು. ಕೆಲವು ಕೆಂಪು, ಕೆಲವು ಹಸಿರು. ಒಂದರ ಮೇಲೆ ಎಲೆಯ ನರದಂಥ ಚಿನ್ನದ ಬಣ್ಣದ ಗೆರೆ ಇನ್ನೂ ಉಳಿದಿತ್ತು.

ಆಗೆಲ್ಲ ಹಾಡು ಕೇಳಬೇಕೆಂದರೆ ಕ್ಯಾಸೆಟ್ ಬೇಕಿತ್ತು. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆವು. ತೊಂಬತ್ತರ ದಶಕದ ಕೊನೆ ಅದು. ಆದಿ ಉಡುಪಿಯಲ್ಲಿ ಅಪ್ಪನ ರೇಡಿಯೋ ರಿಪೇರಿ ಅಂಗಡಿ ಇತ್ತು. ಬೆಸುಗೆಯ ಹೊಗೆ, ಬಿಸಿಯಾದ ಧೂಳಿನ ವಾಸನೆ ಅವರ ಅಂಗಿಗೆ ಯಾವಾಗಲೂ ಅಂಟಿರುತ್ತಿತ್ತು. ರಿಪೇರಿಯ ಜೊತೆಗೆ ಹಳೆಯ ಗ್ರಾಮಫೋನುಗಳನ್ನು ಕೊಂಡು, ಸರಿಮಾಡಿ, ಸಂಗ್ರಹಿಸುವವರಿಗೆ ಮಾರುತ್ತಿದ್ದರು. ಐದನೆಯ ಕ್ಲಾಸು ಮುಗಿದ ರಜೆಯಲ್ಲಿ ಅವರ ಜೊತೆ ಕಾಪುವಿಗೆ, ಬೀಪಾತುಮ್ಮನ ಮನೆಗೆ ಹೋಗಿದ್ದೆ.

ಬಸ್ಸಿನಲ್ಲಿ ಅಪ್ಪ ಎಂದೂ ಇಲ್ಲದಷ್ಟು ಮಾತಾಡಿದರು. ಅಲ್ಲಿರುವ ಗ್ರಾಮಫೋನಿನ ಕಹಳೆಯ ಒಳಗೆಲ್ಲ ಯಾರೋ ಕೈಯಿಂದ ಹೂಬಳ್ಳಿ ಬರೆದಿದ್ದಾರೆ, ಅಂಥದ್ದನ್ನು ತಾವು ಈವರೆಗೆ ಕಂಡಿಲ್ಲ ಎಂದರು. ಆ ಹೂವಿಗಾಗಿಯೇ ಮಣಿಪಾಲದ ಡಾಕ್ಟರೊಬ್ಬರು ಒಂಬತ್ತು ಸಾವಿರ ಕೊಡಲು ಒಪ್ಪಿದ್ದರು. ಬೀಪಾತುಮ್ಮ ಕೇಳಿದ್ದು ಏಳು. ಅಪ್ಪ ಹಿಂದಿನ ವಾರ ಹೋಗಿ ಐದಕ್ಕೆ ಇಳಿಸಿ ಬಂದಿದ್ದರು.

"ಹೇಗೆ ಇಳಿಸಿದ್ರಿ?"

"ಹೂವು ಕಣ್ಣಿಗೇ ಬೀಳದವರ ಹಾಗೆ ಇದ್ದೆ. ಕಹಳೆ ತುಂಬ ಕೊಳೆ, ಕಲೆ ಅಂದೆ. ವ್ಯಾಪಾರದಲ್ಲಿ ಚಂದ ಉಂಟು ಅಂತ ಬಾಯಿ ಬಿಟ್ಟರೆ ಮುಗಿಯಿತು, ಮಗಾ."

ಬೀಪಾತುಮ್ಮನ ಜಗಲಿಯಲ್ಲಿ ಬೀಡಿ ಎಲೆಯ, ಹೊಗೆಸೊಪ್ಪಿನ ಘಾಟು ತುಂಬಿತ್ತು. ಗಂಡ ತೀರಿಕೊಂಡ ಮೇಲೆ ಬೀಡಿ ಕಟ್ಟಿಯೇ ಮನೆ ನಡೆಸುತ್ತಿದ್ದರು. ಮಾವ ಕೊಲಂಬೊದಿಂದ ತಂದಿದ್ದ ಗ್ರಾಮಫೋನನ್ನು ಮಾರಿ, ಹೊಲಿಗೆ ಮೆಷಿನ್ ಕೊಂಡು, ಕೆಮ್ಮು ತರಿಸುವ ಆ ಕೆಲಸವನ್ನು ಬಿಡುವುದು ಅವರ ಲೆಕ್ಕಾಚಾರ. ಅಪ್ಪ ಒಳಗೆ ಕೂರುತ್ತಿದ್ದಂತೆ, ನನಗಿಂತ ಎರಡು ವರ್ಷ ದೊಡ್ಡವಳಾದ ಬೀಪಾತುಮ್ಮನ ಮಗಳು ರಜಿಯಾ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಕಲ್ಲಾಟಕ್ಕೆ ಕೂರಿಸಿದಳು. ಆದರೆ ಮೇಲೆ ಹಾರಿಸಿದ ಕಲ್ಲು ಅವಳ ಕೈಗೆ ನಿಲ್ಲುತ್ತಲೇ ಇರಲಿಲ್ಲ.

"ಎಂತ ಆಯ್ತು?"

"ಬೆರಳು ಉರೀತದೆ ಮಾರಾಯ್ತಿ. ನಿನ್ನೆಯಿಡೀ ಕಹಳೆ ಉಜ್ಜಿದ್ದಲ್ವಾ! ಹುಳಿ, ಬೂದಿ, ತೆಂಗಿನ ನಾರು. ನಿನ್ನ ಅಪ್ಪ ಕೊಳೆ ಅಂದ್ರಲ್ಲ, ಈಗ ನೋಡ್ಲಿ. ಮುಖ ಕಾಣ್ತದೆ ಅದ್ರಲ್ಲಿ!"

ಆಗಲೇ ನಾನು ಬಟ್ಟೆ ಒಗೆಯುವ ಕಲ್ಲಿನ ಬುಡ ನೋಡಿದ್ದು.

ಒಳಗೆ ಓಡಿದಾಗ ಬೀಪಾತುಮ್ಮ ಕಹಳೆಯ ಮೇಲೆ ಹೊದಿಸಿದ್ದ ಬೈರಾಸು ಬಟ್ಟೆಯನ್ನು ತೆಗೆದಿದ್ದರು. ಹಿತ್ತಾಳೆ ಥಳಥಳ ಹೊಳೆಯುತ್ತಿತ್ತು. ಹೋಟೆಲುಗಳಲ್ಲಿ ಅಂದಕ್ಕೆಂದು ಇಡುವ ಹೊಸ ನಕಲಿಗಳಿಗೂ ಇದಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಅಪ್ಪ ಕೀಲಿ ತಿರುಗಿಸಿ ಸ್ಪ್ರಿಂಗಿನ ಸದ್ದಿಗೆ ಕಿವಿಗೊಟ್ಟರು. ಕಹಳೆಯ ಕಡೆಗೆ ನೋಡಲಿಲ್ಲ. ಅವರ ಮುಂದೆ ನಿಂಬೆ ಶರಬತ್ತು ಹಾಗೆಯೇ ಇತ್ತು.

"ಎಂತ ಭಟ್ರೇ, ಸುಮ್ನೆ ಕೂತ್ರಿ?" ಬೀಪಾತುಮ್ಮ ನಗುತ್ತಿದ್ದರು. "ಕೊಳೆ ಉಂಟು ಅಂತ ಎರಡು ಸಾವಿರ ಇಳಿಸಿದ್ದು ನೀವು. ಕೊಳೆ ಹೋಯ್ತು. ಇನ್ನು ಏಳು ಕೊಡ್ಬೇಕು."

ಅಪ್ಪ ಕೀಲಿಯನ್ನು ಇನ್ನೊಂದು ಸುತ್ತು ತಿರುಗಿಸಿದರು. "ಇದಕ್ಕೆ ಈಗ ಮೂರೂ ಹೆಚ್ಚು, ಬೀಪಾತುಮ್ಮ."

"ಮೂರಾ?"

"ಹಳೇ ಸಾಮಾನು. ಉಜ್ಜಿದ್ರೆ ಬೆಲೆ ಹೋಗ್ತದೆ."

ರಜಿಯಾ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಅಪ್ಪನನ್ನಲ್ಲ, ನನ್ನನ್ನು ಕೇಳಿದಳು: "ನಾನು ಹಾಳು ಮಾಡಿದ್ನಾ?"

ನಾನು ಹೆಚ್ಚು ಮಾತಾಡುವ ಮಗುವಾಗಿರಲಿಲ್ಲ. ಸುಮ್ಮನಿದ್ದರೆ ಅದೇ ಉತ್ತರವಾಗುತ್ತದೆ ಎಂದು ಮಾತ್ರ ಗೊತ್ತಾಯಿತು.

"ಒಳಗೆ ಹೂವು ಇತ್ತಂತೆ. ತುಂಬ ಚಂದ ಇತ್ತಂತೆ. ಬಸ್ಸಲ್ಲಿ ಅಪ್ಪ ಹೇಳಿದ್ರು."

ಬೀಪಾತುಮ್ಮನ ನಗು ನಿಂತಿತ್ತು.

"ಅವತ್ತು ಕೊಳೆ. ಇವತ್ತು ಹೂವಾ, ಭಟ್ರೇ?"

"ವ್ಯಾಪಾರದಲ್ಲಿ ಹಾಗೆ ಹೇಳ್ತೇವೆ, ಅಕ್ಕ."

"ನೀವು ಹೇಳ್ತೀರಿ. ನಾವು ನಂಬಿದ್ದಲ್ವಾ? ಮಗಳ ಕೈ ನೋಡಿ. ಚಂದ ಉಂಟು, ಮುಟ್ಬೇಡಿ ಅಂತ ಒಂದು ಮಾತು ಹೇಳಿದ್ರೆ ಧೂಳು ಸಹ ಒರೆಸ್ತಿರ್ಲಿಲ್ಲ. ಕೊಡುದಿಲ್ಲ, ಹೋಗಿ ಅನ್ಬಹುದು ನಾನು. ಆದ್ರೆ ಇದನ್ನು ಇನ್ನು ಯಾರು ತಕೊಳ್ತಾರೆ?"

ಅಪ್ಪ ಎದ್ದು ನಿಂತರು. ಹೊರಟೇ ಬಿಡುತ್ತಾರೆ ಅಂದುಕೊಂಡೆ. ಅವರು ಕಿಸೆಯಿಂದ ಐದು ಸಾವಿರ ತೆಗೆದು ಚಾಪೆಯ ಮೇಲಿಟ್ಟರು. ಆಮೇಲೆ, ಅಂಗಡಿಯ ಬಾಡಿಗೆಗೆಂದು ಬ್ಯಾಗಿನ ಒಳಗಿಟ್ಟಿದ್ದ ಹಣದಿಂದ ಎರಡು.

"ಏಳು," ಎಂದರು. "ನೀವು ಮೊದಲು ಹೇಳಿದ್ದೇ ಸರಿ ಬೆಲೆ."

ಬೀಪಾತುಮ್ಮ ಹಣವನ್ನು ಎಣಿಸಿ, ಮತ್ತೊಮ್ಮೆ ಎಣಿಸಿದರು. ಥ್ಯಾಂಕ್ಸ್ ಅನ್ನಲಿಲ್ಲ. ನಾವು ಹೊರಟಾಗ ರಜಿಯಾ ಹೊರಗೆ ಬರಲಿಲ್ಲ.

ಬಸ್ಸಿನಲ್ಲಿ ಬೈರಾಸು ಸುತ್ತಿದ ಕಹಳೆ ನನ್ನ ತೊಡೆಯ ಮೇಲಿತ್ತು. ಬೈಗುಳಕ್ಕೆ ಕಾಯುತ್ತ ಕೂತೆ. ಕಟಪಾಡಿ ದಾಟಿದ ಮೇಲೆ ಅಪ್ಪ ಒಂದೇ ಮಾತು ಆಡಿದರು: "ನೀನು ಹೇಳಿದ್ದು ಸರಿ ಅಂತ ನಾನು ಹೇಳುದಿಲ್ಲ."

ಡಾಕ್ಟರು ಅದನ್ನು ಕೊಳ್ಳಲಿಲ್ಲ. ಈಗ ಅಪ್ಪನ ಅಂಗಡಿಯ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಮಾಡುತ್ತಾರೆ. ಹಳೆಯ ಸಾಮಾನುಗಳು ಕಂಪ್ಯೂಟರಿನ ಪರದೆಯ ಮೇಲೆ ಬಿಕರಿಯಾಗುತ್ತವೆ. ಪ್ರತಿ ಗೀರು, ಪ್ರತಿ ಕಲೆಯನ್ನೂ ಕೆಳಗೆ ಬರೆದಿರುತ್ತಾರೆ. ಮೋಸ ಕಡಿಮೆಯಾಗಿರಬಹುದು. ಆದರೆ ಮುಖ ನೋಡಿ "ಇವತ್ತು ಹೂವಾ?" ಎಂದು ಕೇಳುವವರು ಎದುರಿಗೆ ಕೂತಿರುವುದಿಲ್ಲ. ಆ ಹೂಬಳ್ಳಿಯನ್ನಂತೂ ನಾನು ನೋಡಲೇ ಇಲ್ಲ. ಅಪ್ಪ ಬಸ್ಸಿನಲ್ಲಿ ಹೇಳಿದಷ್ಟೇ ನನ್ನ ಬಳಿ ಉಳಿದಿದೆ.

ಕಾಪುವಿನಿಂದ ಬಂದ ಮರುದಿನ ಬೆಳಿಗ್ಗೆ ಬಸಳೆ ಮಾರುವ ಹೆಂಗಸು ನಮ್ಮ ಗೇಟಿನ ಹತ್ತಿರ ಬುಟ್ಟಿ ಇಳಿಸಿದಾಗ ಅಮ್ಮ ನನ್ನನ್ನು ಕಳಿಸಿದರು. ಬೆಲೆ ಕೇಳುವ ಮೊದಲು "ಬಾಡಿದೆ" ಎನ್ನಬೇಕೆಂದು ಅಮ್ಮ ಕಲಿಸಿದ್ದರು. ನಾನು ಒಂದು ಕಟ್ಟನ್ನು ಕೈಗೆ ತೆಗೆದುಕೊಂಡು, "ಚಂದ ಉಂಟು. ಎಷ್ಟು?" ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಎಂದಿಗಿಂತ ಹೆಚ್ಚು ಹೇಳಿದಳು. ನಾನು ಅಷ್ಟನ್ನೂ ಕೊಟ್ಟೆ.