ಕೊಲ್ಲಲೆಂದೇ ಸಾಕುವವಳು

ಭಾನುವಾರದ ನಸುಕು. ಊರು ಇನ್ನೂ ಮುಸುಕೆಳೆದು ಮಲಗಿದೆ. ಮಕ್ಕಳ ಆಸ್ಪತ್ರೆಯ ನೆಲಮಾಳಿಗೆಯ ಬಾಗಿಲಲ್ಲಿ ಕಾವಲುಗಾರ ಆಕಳಿಸುತ್ತಲೇ ಬೀಗ ತೆಗೆಯುತ್ತಾನೆ. "ಬಂದ್ರಾ ಮೇಡಂ, ಮಕ್ಕಳಿಗೆ ಹಾಲು ಕುಡಿಸೋಕೆ?" ಇದು ಅವನ ದಿನನಿತ್ಯದ ತಮಾಷೆ. "ಹೂಂ ಅಣ್ಣ, ಹಸ್ಕೊಂಡು ಕೂತಿರ್ತವೆ," ಎನ್ನುತ್ತ ಆಕೆ ಚಪ್ಪಲಿ ಬದಲಿಸಿ ಬಿಳಿ ಕೋಟು ತೊಡುತ್ತಾಳೆ.

ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಿಂದ ಚಪ್ಪಟೆ ಸೀಸೆಯೊಂದನ್ನು ತೆಗೆದು ಬೆಳಕಿಗೆ ಹಿಡಿಯುತ್ತಾಳೆ. ಗುಲಾಬಿ ದ್ರವ ಹಳದಿಗೆ ತಿರುಗಿದ್ದರೆ ಒಳಗಿರುವವಕ್ಕೆ ಊಟ ಮುಗಿದಿದೆ ಎಂದೇ ಲೆಕ್ಕ. ಒಳಗಿರುವುದು ರಕ್ತದ ಕ್ಯಾನ್ಸರ್ ಬಂದ ಪುಟ್ಟ ಮಕ್ಕಳ ಮೂಳೆಮಜ್ಜೆಯಿಂದ, ಹೆತ್ತವರ ಒಪ್ಪಿಗೆ ಪಡೆದು ತೆಗೆದ ಕಾಯಿಲೆಯ ಜೀವಕೋಶಗಳು. ಅವನ್ನು ಕೊಲ್ಲುವ ಹೊಸ ಔಷಧ ಹುಡುಕುವುದು ಈ ಯುವ ವಿಜ್ಞಾನಿಯ ಕೆಲಸ. ಕೊಲ್ಲಬೇಕೆಂದರೆ ಮೊದಲು ಸಾಕಬೇಕಲ್ಲ!

"ಶತ್ರುನ ಇಷ್ಟು ಮುದ್ದಾಗಿ ನೋಡ್ಕೊಳ್ಳೋರು ನಾವೇ ಇರ್ಬೇಕು," ಎಂದು, ತನ್ನ ಬಗ್ಗೆ ಬರೆಯಲು ಬಂದ ನನ್ನತ್ತ ತಿರುಗಿ ನಗುತ್ತಾಳೆ. "ಅಕ್ಕನ ಮದುವೆ ದಿನಾನೂ ಓಡಿ ಬಂದಿದ್ದೆ. ಒಂದು ಫೋಟೋದಲ್ಲೂ ನೀನಿಲ್ಲ ಅಂತ ಅವಳಿಗೆ ಈಗಲೂ ಸಿಟ್ಟು."

ಸಿಟ್ಟು ಅಕ್ಕನೊಬ್ಬಳದೇ ಅಲ್ಲ. ಹೆಸರಿನ ಮುಂದೆ ಡಾಕ್ಟರ್ ಎಂದಿದ್ದೂ ತನ್ನ ಮಂಡಿನೋವಿಗೆ ಒಂದು ಮಾತ್ರೆ ಬರೆದುಕೊಡಲು ಬಾರದವಳು ಎಂದು ಚಿಕ್ಕಮ್ಮನಿಗೆ ಅಸಮಾಧಾನ. ಕೆಲಸವೋ ವರ್ಷ ವರ್ಷವೂ ನವೀಕರಿಸಬೇಕಾದ್ದು. ಮುಂದಿನ ವರ್ಷ ಇರುತ್ತದೋ ಇಲ್ಲವೋ. ಅಪ್ಪ ದರ್ಜಿ. ಬೆಳಿಗ್ಗೆ ಕತ್ತರಿಸಿದ ಬಟ್ಟೆ ಸಂಜೆಗೆ ಅಂಗಿಯಾಗುವುದನ್ನು ನೋಡುತ್ತ ಬೆಳೆದವಳಿಗೆ, ವರ್ಷಗಟ್ಟಲೆ ದುಡಿದರೂ ಕೈಗೆ ಏನೂ ಹತ್ತದ ಈ ಕಸುಬು ಒಗ್ಗಲು ಬಹಳ ಕಾಲ ಬೇಕಾಯಿತು.

ಈಗಿರುವ ಔಷಧಗಳಿಂದ ಎಷ್ಟೋ ಮಕ್ಕಳು ಗುಣವಾಗುತ್ತಾರೆ. ಈಕೆಯ ಚಿಂತೆಯೆಲ್ಲ ಗುಣವಾದ ಮೇಲೂ ಕಾಯಿಲೆ ಮರುಕಳಿಸಿದವರದು. ಅಂಥ ಮಗುವೊಂದು ಕಳೆದ ವರ್ಷ ಲಿಫ್ಟಿನಲ್ಲಿ ಸಿಕ್ಕಿತ್ತು. ತಲೆಗೆ ಬಟ್ಟೆಯ ಟೋಪಿ, ಕೈಗೆ ಪಟ್ಟಿ.

"ನೀವು ಚುಚ್ಚೋ ಆಂಟೀನಾ?"

"ಅಲ್ಲ ಪುಟ್ಟಿ, ನಾನು ಕೆಳಗಡೆ ಹೊಸ ಔಷಧಿ ಹುಡುಕ್ತೀನಿ."

"ಸಿಕ್ತಾ?"

"ಇನ್ನೂ ಇಲ್ಲ."

"ಸರಿಯಾಗಿ ಹುಡುಕಿ," ಎಂದು ಬುದ್ಧಿ ಹೇಳಿ, ಮಗು ಅಮ್ಮನ ಕೈ ಹಿಡಿದು ಇಳಿದುಹೋಯಿತು.

ಕೆಲವೇ ತಿಂಗಳಲ್ಲಿ ಸಿಕ್ಕೇಬಿಟ್ಟಿತು ಎನ್ನಿಸಿತ್ತು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಸಾಲು ಸಾಲು ಪುಟಾಣಿ ಗುಳಿಗಳು, ಗುಳಿಗಳಲ್ಲಿ ಕೋಶಗಳು. ಹೊಸ ಔಷಧ ಹಾಕಿದ ಕಡೆಯೆಲ್ಲ ಅವು ಸತ್ತಿದ್ದವು. ಪ್ರಯೋಗಾಲಯದವರು ಕೇಕು ಕತ್ತರಿಸಿದರು, ಮುಖ್ಯಸ್ಥೆ ಬೆನ್ನು ತಟ್ಟಿದರು. ಮರುದಿನ ಆ ತಟ್ಟೆಯನ್ನು ಎಸೆಯಲೆಂದು ಎತ್ತಿದಾಗ ಅಂಚಿನ ಗುಳಿಗಳಲ್ಲಿ ದ್ರವ ತಗ್ಗಿರುವುದು ಈಕೆಯ ಕಣ್ಣಿಗೆ ಬಿತ್ತು. ಔಷಧ ಹಾಕಿದ್ದು ಆ ಅಂಚಿನ ಸಾಲಿಗೇ. ಕೋಶಗಳು ಸತ್ತದ್ದು ಔಷಧಕ್ಕಲ್ಲ, ನೀರು ಆರಿ.

ಬೇರೆ ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುಂದಿನ ವರ್ಷದ ಕೆಲಸ ಗಟ್ಟಿ. "ನಿಜ ಹೇಳ್ಲಾ? ಅರ್ಧ ದಿನ ಸುಮ್ನಿದ್ದೆ," ಎನ್ನುವಾಗ ಆಕೆಯ ದನಿ ಇಳಿಯುತ್ತದೆ. "ಆಮೇಲೆ ಲಿಫ್ಟ್ ಹತ್ತಿದೆ ನೋಡಿ, ಆ ಮಗು ಮಾತೇ ಕಿವೀಲಿ. ಸೀದಾ ಹೋಗಿ ಮೇಡಂ ಹತ್ರ ಹೇಳ್ಬಿಟ್ಟೆ." ಮುಖ್ಯಸ್ಥೆ "ಮತ್ತೆ ಮಾಡು," ಎಂದರಷ್ಟೇ. ಮನೆಯಲ್ಲಿ ಅತ್ತದ್ದಕ್ಕೆ ಅಪ್ಪ ಸೂಜಿಯಿಂದ ಕಣ್ಣೆತ್ತದೆ, "ನಿನ್ನ ಮಾವನ ಮದುವೆ ಕೋಟನ್ನ ಎರಡು ಸಲ ಹೊಲಿಗೆ ಬಿಚ್ಚಿ ಮತ್ತೆ ಹೊಲಿದಿದೀನಿ. ಅದಕ್ಕೆಲ್ಲ ಅಳ್ತಾರಾ?" ಎಂದು ಕೇಳಿದರಂತೆ.

ಅಂಚಿನ ಗುಳಿಗಳಿಗೆ ಬರೀ ನೀರು ತುಂಬಿ, ಔಷಧವನ್ನು ನಡುವಿನ ಸಾಲುಗಳಿಗೆ ಹಾಕಿ, ಎಲ್ಲವನ್ನೂ ಮೊದಲಿನಿಂದ ಮಾಡಿದ್ದಾಳೆ. ಅದರ ಫಲ ಗೊತ್ತಾಗುವುದು ಇವತ್ತು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ಅಲ್ಲಾಡುವುದಿಲ್ಲ. ಬಾಗಿಲಲ್ಲಿ ನಿಂತ ಕಾವಲುಗಾರನೂ ತಮಾಷೆ ಮರೆತಿದ್ದಾನೆ.

ಹೆಚ್ಚಿನ ಮಕ್ಕಳ ಕೋಶಗಳು ಔಷಧಕ್ಕೆ ಕ್ಯಾರೇ ಎಂದಿಲ್ಲ. ಒಂದು ಮಗುವಿನವು ಮಾತ್ರ ಸತ್ತಿವೆ. ಅದೇ ಔಷಧ ಹಾಕಿದ್ದರೂ ಪಕ್ಕದ ಗುಳಿಗಳಲ್ಲಿದ್ದ ಆರೋಗ್ಯವಂತ ಕೋಶಗಳಿಗೆ ಏನೂ ಆಗಿಲ್ಲ. ಸತ್ತವು ಯಾವ ಮಗುವಿನ ಕೋಶಗಳೋ ಈಕೆಗೆ ತಿಳಿಯದು. ಸೀಸೆಯ ಮೇಲೆ ಬರೀ ಸಂಖ್ಯೆ.

"ಸ್ವಲ್ಪಾನೇ," ಎನ್ನುತ್ತಾಳೆ ಕಣ್ಣೊರೆಸಿಕೊಂಡು. "ಆದ್ರೆ ಈ ಸಲ ನಿಜವಾದ ಸ್ವಲ್ಪ."

ಈ ಸಲ ಕೇಕಿಲ್ಲ. ಸೀಸೆಗಳಿಗೆ ಹೊಸ ದ್ರವ ತುಂಬಿ ಪೆಟ್ಟಿಗೆಯ ಬಾಗಿಲು ಹಾಕುತ್ತಾಳೆ. ಲಿಫ್ಟಿನಲ್ಲಿ ಸಿಕ್ಕಿದ್ದ ಆ ಮಗು ಈಗ ಹೇಗಿದೆ ಎಂದು ಕೇಳುತ್ತೇನೆ.

"ಗೊತ್ತಿಲ್ಲ. ಮೇಲೆ ಹೋಗಿ ಕೇಳೋಕೆ ಧೈರ್ಯ ಸಾಲ್ದು. ಲಿಫ್ಟ್ ಬಾಗಿಲು ತೆಗೆದಾಗೆಲ್ಲ ನೋಡ್ತೀನಿ. ಅವಳು ಮತ್ತೆ ಸಿಗ್ಬೇಕು, 'ಸಿಕ್ತಾ?' ಅಂತ ಕೇಳ್ಬೇಕು. 'ಇನ್ನೂ ಇಲ್ಲ ಪುಟ್ಟಿ, ಆದ್ರೆ ಸರಿಯಾಗಿ ಹುಡುಕ್ತಿದೀನಿ' ಅನ್ಬೇಕು. ಅಷ್ಟೇ ಆಸೆ."